ಅಡ್ಡಗೆರೆ, ನಿಂತಗೆರೆ ಮತ್ತು ನಮ್ಮ ಮನೆಯವರು

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕುಗಳನ್ನು ಜಾಲಾಡಿದರೂ ಗಂಡನ ಕೈಯಲ್ಲಿ ತನ್ನ ಸಾರಿನ ಗ್ರಾಫ್ ಬರೆಸಿಕೊಂಡ ಹೆಂಗಸು ನಾನೊಬ್ಬಳೇ ಸಿಗುವುದು. ಬೇಕಾದರೆ ಹುಡುಕಿ ನೋಡಿ! ಉಳಿದವರ ಗಂಡಂದಿರು ಸಾರು ಚೆನ್ನಾಗಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ, ಚೆನ್ನಾಗಿಲ್ಲದಿದ್ದರೆ ಮುಖ ಗಂಟು ಹಾಕಿಕೊಂಡು ಏಳುತ್ತಾರೆ. ನಮ್ಮ ಮನೆಯವರು ಎರಡನ್ನೂ ಮಾಡುವವರಲ್ಲ. ಉಂಡು ಕೈ ತೊಳೆದು ಬಂದು, ಗೋಡೆಗೆ ಅಂಟಿಸಿದ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಮೂರು ದಿನದಿಂದ ಖಾರ ಏರ್ತಾ ಇದೆ ಮಾರಾಯ್ತಿ. ಹಿಂಗೇ ಹೋದ್ರೆ ಭಾನುವಾರ ಯಾರೂ ಬಾಯಿಗಿಡೋ ಹಂಗಿಲ್ಲ" ಎನ್ನುವವರು. ಇಂಥವರ ಜೊತೆ ಬಾಳುವೆ ಮಾಡುವುದು ಅಂದರೆ ಹುಡುಗಾಟವೆ?

ಇವರು ಹೊಸನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಅರವತ್ತರ ದಶಕದ ಮಾತು. ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಂತ ಹೊಸತು. ನಾವು ಪೇಟೆಯೊಳಗೇ ಒಂದು ಬಾಡಿಗೆ ಮನೆಯಲ್ಲಿದ್ದೆವು: ಇವರು, ನಾನು, ನಮ್ಮ ಅತ್ತೆ. ಊರಿಗೆಲ್ಲ ವಿಜ್ಞಾನ ಹೇಳಿಕೊಡುವ ಮೇಷ್ಟ್ರ ಹೆಂಡತಿಯಾದ ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲು. ಯಾವ ವಿಷಯದಲ್ಲಿ ಅಂತೀರಿ? ವಿಜ್ಞಾನದಲ್ಲಿ! ಉಳಿದದ್ದೆಲ್ಲ ಪಾಸು. ವಿಜ್ಞಾನ ಒಂದು ದಾಟಿದರೆ ಟ್ರೈನಿಂಗಿಗೆ ಸೀಟು ಸಿಗುತ್ತಿತ್ತು, ಟ್ರೈನಿಂಗ್ ಮುಗಿದರೆ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಬಹುದಿತ್ತು. ಟೀಚರಾಗಬೇಕು ಅಂತ ನನಗೆ ಲಂಗ ಹಾಕುವ ಕಾಲದಿಂದಲೂ ಆಸೆ. ಆದರೆ ಎರಡು ಸಲ ಬಿದ್ದವಳು ಆಸೆಯನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಹಾಗಾಗಿ ನಾನು ಸುಮ್ಮನಿದ್ದೆ, ಇವರು ಸುಮ್ಮನಿರಲಿಲ್ಲ.

ಹೆಣ್ಣು ನೋಡಲು ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ನನ್ನ ತವರು ತೀರ್ಥಹಳ್ಳಿ ಕಡೆ. ಆಗ ನಾನು ಹೊಸದಾಗಿ ಫೇಲಾಗಿದ್ದೆ. ಮೇಷ್ಟ್ರ ಕಡೆಯವರಿಗೆ ಈ ವಿಷಯ ಹೇಳುವುದೋ ಮುಚ್ಚಿಡುವುದೋ ಅಂತ ಅಪ್ಪಯ್ಯನಿಗೆ ಎರಡು ದಿನ ಅನ್ನ ಸೇರಿರಲಿಲ್ಲ. ಕೊನೆಗೆ ಧೈರ್ಯ ತಂದುಕೊಂಡು, "ಹುಡುಗಿ ಎಸ್ಸೆಸ್ಸೆಲ್ಸಿಗೆ ಕೂತಿದ್ಲು, ಸೈನ್ಸ್ ಒಂದು ಹೋಯ್ತು" ಅಂದರು. ಅಲ್ಲಿಯವರೆಗೆ ಅವಲಕ್ಕಿ ತಟ್ಟೆಯಿಂದ ತಲೆ ಎತ್ತದೆ ಕೂತಿದ್ದ ಇವರು ತಟ್ಟನೆ ನನ್ನ ಕಡೆ ತಿರುಗಿದರು.

"ಯಾವ ಪ್ರಶ್ನೆ ಹೋಯ್ತು?"

"ಗ್ರಾಫಿಂದು" ಅಂದೆ.

"ಎಂಥ ಕೊಟ್ಟಿದ್ರು? ನೀವೆಂಥ ಮಾಡಿದ್ರಿ?"

"ನೀರು ಕಾಯಿಸೋದು ಕೊಟ್ಟಿದ್ರು. ಎಷ್ಟು ನಿಮಿಷಕ್ಕೆ ಎಷ್ಟು ಬಿಸಿ ಅಂತ. ಚುಕ್ಕಿ ಇಟ್ಟೆ. ಸೇರಿಸ್ದೆ. ಮತ್ತೆ ಕೊನೆ ಚುಕ್ಕಿನ ಮೊದಲನೆ ಚುಕ್ಕಿಗೂ ಸೇರಿಸ್ದೆ."

"ಅಲ್ಲ, ಅದ್ಯಾಕೆ?"

"ಹಂಗೇ ಬಿಟ್ರೆ ರಂಗೋಲಿ ಬಾಯಿ ತೆರ್ಕೊಂಡಿರ್ತದಲ್ಲ! ಮನೆಗೆ ಒಳ್ಳೇದಲ್ಲ" ಅಂದೆ.

ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಚುಕ್ಕಿ ಕಂಡರೆ ಸೇರಿಸಬೇಕು, ಸೇರಿಸಿದ ಎಳೆಯನ್ನು ಮುಚ್ಚದೆ ಏಳಬಾರದು ಅಂತ ನನ್ನ ಅಮ್ಮ, ಅಮ್ಮನ ಅಮ್ಮ ಎಲ್ಲರೂ ಹೇಳಿಕೊಟ್ಟಿದ್ದರು. ಇವರು ಮಾತ್ರ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಲೋಟದ ಕಾಫಿ ಪಂಚೆಯ ಮೇಲೆ ಚೆಲ್ಲಿತು. "ಅಂದ್ರೆ ಹತ್ತು ನಿಮಿಷ ಕುದಿದ ನೀರು ತಿರುಗಿ ಹಿಂದಿನ ಕಾಲಕ್ಕೆ ಹೋಗಿ ತಣ್ಣಗಾಯ್ತಾ?" ಅಂತ ಕೇಳಿ ಮತ್ತೆ ನಕ್ಕರು. ಸಂಬಂಧ ಮುರಿಯಿತು ಅಂತ ಅಪ್ಪಯ್ಯ ತಲೆ ಮೇಲೆ ಕೈ ಹೊತ್ತರು. ಸಂಜೆಯೊಳಗೆ ಒಪ್ಪಿಗೆಯಾಗಿದೆ ಅಂತ ಸುದ್ದಿ ಬಂತು! ಲೋಕದಲ್ಲಿ ಗಂಡಸರು ಹುಡುಗಿಯ ಕಣ್ಣು ನೋಡಿ ಒಪ್ಪುತ್ತಾರೆ, ಜಡೆ ನೋಡಿ ಒಪ್ಪುತ್ತಾರೆ. ನನ್ನನ್ನು ಒಪ್ಪಿದ್ದು ನನ್ನ ತಪ್ಪು ಉತ್ತರ ನೋಡಿ.

ಎರಡನೇ ಸಲ ಫೇಲಾದದ್ದು ಮದುವೆಯಾದ ಮೇಲೆ. ಅದರಲ್ಲೂ ನನ್ನ ತಪ್ಪಿಲ್ಲ. ಬಯಲುಸೀಮೆಯ ಯಾವುದೋ ಊರಿನಲ್ಲಿ ಯಾವ ತಿಂಗಳು ಎಷ್ಟು ಮಳೆ ಬಿತ್ತು ಅಂತ ಒಂದು ಕೋಷ್ಟಕ ಕೊಟ್ಟಿದ್ದರು. ನೋಡಿದೆ. ಜೂನ್ ತಿಂಗಳಿಗೆ ಬರೆದಿದ್ದ ಮಳೆ ನಮ್ಮ ಹೊಸನಗರದಲ್ಲಿ ಒಂದು ಬೆಳಗ್ಗೆ ಬೀಳುವಷ್ಟೂ ಇರಲಿಲ್ಲ. ಇಡೀ ವರ್ಷದ್ದು ಕೂಡಿಸಿದರೆ ನಮ್ಮಲ್ಲಿ ನಾಲ್ಕು ದಿನಕ್ಕೆ ಸಾಲದು. ಇಷ್ಟು ಮಳೆ ಬಿದ್ದರೆ ಮನುಷ್ಯರು ಬದುಕುವುದುಂಟೆ? ಇದು ಅಚ್ಚಿನ ತಪ್ಪೇ ಸರಿ, ಪಾಪ, ಪ್ರೆಸ್ಸಿನವರು ಅವಸರದಲ್ಲಿ ಬಿಟ್ಟಿದ್ದಾರೆ ಅಂದುಕೊಂಡು ಪ್ರತಿಯೊಂದು ಸಂಖ್ಯೆಯ ಮುಂದೆಯೂ ಒಂದೊಂದು ಸೊನ್ನೆ ಸೇರಿಸಿದೆ. ಗ್ರಾಫ್ ಹಾಳೆ ಸಾಲದೆ ಇನ್ನೊಂದು ಕೇಳಿ ಪಡೆದೆ. ಕೆಳಗೆ, 'ಕೋಷ್ಟಕ ತಪ್ಪಾಗಿ ಅಚ್ಚಾಗಿತ್ತು, ಸರಿಪಡಿಸಿದ್ದೇನೆ' ಅಂತ ವಿನಯದಿಂದ ಬರೆದೂ ಬಂದೆ!

ಇದನ್ನು ಕೇಳಿ ಇವರು ಮೊದಲಿನ ಹಾಗೆ ಬಿದ್ದು ಬಿದ್ದು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಬರೋ ಮಾರ್ಚಿಗೆ ಆಗ್ಲೇಬೇಕು. ಇನ್ನೊಂದು ವರ್ಷ ಅಂತ ಹೇಳೋ ಹಂಗಿಲ್ಲ" ಅಂದರು.

"ಅಷ್ಟೊಂದು ಅರ್ಜೆಂಟ್ ಎಂಥದು? ನಾ ಎಲ್ಲಾದ್ರೂ ಓಡಿ ಹೋಗ್ತೀನಾ?" ಅಂದೆ.

"ಈ ವರ್ಷವೇ ಆಗ್ಬೇಕು. ಅಷ್ಟೇ" ಅಂದು ಎದ್ದು ಹೋದರು.

ನನಗೆ ಅರ್ಥವಾಯಿತು. ಮರ್ಯಾದೆ! ಸ್ಟಾಫ್ ರೂಮಿನಲ್ಲಿ ಯಾರೋ ಚುಚ್ಚಿರಬೇಕು. ಮೇಷ್ಟ್ರ ಹೆಂಡತಿ ಮೂರನೇ ಸಲ ಬಿದ್ದರೆ ಇವರು ತಲೆ ಎತ್ತಿ ತಿರುಗುವುದು ಹೇಗೆ? ತನ್ನ ಮರ್ಯಾದೆಗೋಸ್ಕರ ನನ್ನ ಪ್ರಾಣ ತೆಗೆಯಲು ಹೊರಟಿದ್ದಾರೆ ಅಂತ ನನಗೆ ಉರಿದುಹೋಯಿತು.

ಪ್ರಾಣ ತೆಗೆಯುವುದು ಎಂದರೆ ಹೇಗೆ? ಮಾರನೇ ವಾರ ಕೊಬ್ಬರಿ ಎಣ್ಣೆ, ಬೆಲ್ಲ, ಅತ್ತೆಗೆ ಒಂದು ಕಂಬಳಿ ತರುತ್ತೇನೆ ಅಂತ ಸಾಗರಕ್ಕೆ ಹೋದವರು ಒಂದು ಕಟ್ಟು ಗ್ರಾಫ್ ಹಾಳೆ ಹೊತ್ತು ಬಂದರು. ಎಣ್ಣೆ ಇಲ್ಲ, ಬೆಲ್ಲ ಇಲ್ಲ. ಕಂಬಳಿ? ಕೇಳಲೇಬೇಡಿ. ಅಂದಿನಿಂದ ಮನೆಯಲ್ಲಿ ಏನು ನಡೆದರೂ ಅಡ್ಡಗೆರೆ, ನಿಂತಗೆರೆ ಹಾಕಿ, ಚುಕ್ಕಿ ಇಟ್ಟು, "ಈಗ ಹೇಳು, ಈ ಗೆರೆ ಎಂಥ ಹೇಳ್ತದೆ?" ಅಂತ ನನ್ನ ಮುಂದೆ ಹಿಡಿಯುವುದೇ ಕೆಲಸ. ನಾನು ದೋಸೆ ಮಗುಚುತ್ತಿದ್ದರೂ ಬಿಡುವುದಿಲ್ಲ. "ಮೊದಲು ದೋಸೆ ಎಂಥ ಹೇಳ್ತದೆ ಅಂತ ಕೇಳಿ, ಸೀದು ಹೋಗ್ತಿದೆ!" ಅಂತ ಎಷ್ಟು ಸಲ ಕೂಗಿದ್ದೇನೋ.

ಒಂದು ಭಾನುವಾರದ ಕಥೆ ಕೇಳಿ. ಅತ್ತೆ ತಲೆಗೆ ಎಣ್ಣೆ ಒತ್ತಿಕೊಂಡು ಸ್ನಾನಕ್ಕೆ ತಯಾರಾಗಿ ಬಚ್ಚಲುಮನೆಗೆ ಹೋಗಿದ್ದಾರೆ. ಅಲ್ಲಿ ಇವರು ಸ್ಕೂಲಿನ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಹಂಡೆಯೊಳಗೆ ಇಳಿಬಿಟ್ಟು ಕೂತಿದ್ದಾರೆ. ಎದುರಿಗೆ ನಾನು, ಕೈಯಲ್ಲಿ ಗಡಿಯಾರ. ಎರಡೆರಡು ನಿಮಿಷಕ್ಕೊಮ್ಮೆ ನಾನು ಹೊತ್ತು ಕೂಗಬೇಕು, ಇವರು ಬಿಸಿ ಎಷ್ಟು ಅಂತ ಕೂಗಬೇಕು, ಅದನ್ನು ಪಟ್ಟಿಯಲ್ಲಿ ಬರೆಯಬೇಕು.

"ನೀರು ಕಾದಿದ್ಯೇನಾ?" ಅಂತ ಅತ್ತೆ ಕೇಳಿದರು.

"ಕಾದಿದೆ ಅಮ್ಮ, ಆದ್ರೆ ಮುಟ್ಬೇಡ. ಇನ್ನೂ ಎಂಟು ಚುಕ್ಕಿ ಬೇಕು" ಅಂದರು ಇವರು.

ಹೊಗೆಗೆ ಅತ್ತೆಯ ಕಣ್ಣಿನಲ್ಲಿ ನೀರು. ಎಣ್ಣೆ ಹಣೆಯಿಂದ ಇಳಿದು ಕಿವಿಗೆ ಬಂದಿದೆ. ಎಂಟನೇ ಚುಕ್ಕಿ ಬರುವ ಹೊತ್ತಿಗೆ ಹಂಡೆ ಕೊತಕೊತ ಕುದಿಯುತ್ತಿತ್ತು. ತಣ್ಣೀರು ಬೆರೆಸೋಣ ಅಂತ ಅತ್ತೆ ತಂಬಿಗೆ ಎತ್ತಿದರೆ, "ತಡಿ ತಡಿ, ಆರೋದನ್ನೂ ಬರ್ಕೊಳ್ಬೇಕು!" ಎನ್ನಬೇಕೆ ಈ ಮಹಾರಾಯರು? ಅತ್ತೆ ತಂಬಿಗೆಯ ನೀರನ್ನು ಹಂಡೆಗೆ ಸುರಿಯಲಿಲ್ಲ. ಮಗನ ತಲೆಗೆ ಸುರಿದರು. ಪಟ್ಟಿ ಒದ್ದೆಯಾಗಿ ಆ ದಿನದ ಪಾಠ ಅಲ್ಲಿಗೆ ನಿಂತಿತು.

ಇದಾದ ಮೇಲೆ ಅತ್ತೆಯ ಬಾಯಿ ಜೋರಾಯಿತು, ಸಹಜ. ಇವರು ಅದನ್ನೂ ಬಿಡಲಿಲ್ಲ. ಅತ್ತೆ ದಿನಕ್ಕೆ ಎಷ್ಟು ಸಲ ಬೈದರು ಅಂತ ಒಂದು ತಿಂಗಳು ಗುಟ್ಟಾಗಿ ಗುರುತು ಹಾಕಿ, ಸೋಮವಾರದಿಂದ ಭಾನುವಾರದವರೆಗೆ ಒಂದೊಂದು ವಾರಕ್ಕೆ ಒಂದೊಂದರಂತೆ ಏಳು ಕಂಬಗಳ ನಕ್ಷೆ ಬರೆದು, ನನ್ನನ್ನು ಅಟ್ಟದ ಮೆಟ್ಟಿಲ ಹತ್ತಿರ ಕರೆದರು.

"ಯಾವ ವಾರದ ಕಂಬ ಎತ್ತರ ಇದೆ?"

"ಸೋಮವಾರದ್ದು."

"ಯಾಕಿರ್ಬೋದು?"

"ಸೋಮವಾರ ಅತ್ತೆ ಒಪ್ಪೊತ್ತು ಅಲ್ದಾ? ಹೊಟ್ಟೆ ಹಸಿದಿರ್ತದೆ."

"ಭೇಷ್! ಆದ್ರೆ ಅದೇ ಕಾರಣ ಅಂತ ಹೆಂಗೆ ಹೇಳ್ತಿ? ಬೇರೆ ಎಂಥದ್ದೂ ಇರ್ಬಾರ್ದಾ? ಯೋಚ್ನೆ ಮಾಡು."

ಯೋಚನೆ ಮಾಡಿದೆ. "ಸೋಮವಾರ ನಿಮ್ಗೆ ಮೊದಲನೇ ಪೀರಿಯಡ್ ಇಲ್ಲ. ಹತ್ತೂವರೆ ತನಕ ಮನೇಲೇ ಇರ್ತೀರಿ. ಅದೂ ಕಾರಣ ಇರ್ಬೋದು" ಅಂದೆ.

ಸಿಟ್ಟು ಬರುತ್ತದೆ ಅಂದುಕೊಂಡಿರಾ? ನನಗೂ ಹಾಗೇ ಅನ್ನಿಸಿತ್ತು. ಇವರ ಮುಖ ಊರಗಲ ಅರಳಿತು! ಸ್ಕೂಲಿಗೆ ಹೋಗಿ ಹೆಡ್ಮಾಸ್ಟರಿಂದ ಹಿಡಿದು ಗಂಟೆ ಹೊಡೆಯುವವರವರೆಗೆ ಎಲ್ಲರಿಗೂ, "ನನ್ ಹೆಂಡ್ತಿ ಇವತ್ತು ನಿಜವಾಗಿ ಕೋಷ್ಟಕ ಓದಿದ್ಲು" ಅಂತ ಹೇಳಿಕೊಂಡು ಬಂದರಂತೆ. ಯಾವ ಕೋಷ್ಟಕ ಅಂತಲೂ ಹೇಳಿದರಂತೆ. ಸಂಜೆಯೊಳಗೆ ಅದು ಪೇಟೆ ಸುತ್ತಿ ಅತ್ತೆಯ ಕಿವಿಗೆ ಬಿತ್ತು. ಆ ವಾರ ಮಂಗಳವಾರದ ಕಂಬ ಹಾಳೆ ದಾಟಿ ಹೋಯಿತು. ನನ್ನ ಮೇಲೆ ಬಿದ್ದದ್ದು ಎಷ್ಟು, ಇವರ ಮೇಲೆ ಎಷ್ಟು ಅಂತ ಬೇರೆ ಬೇರೆ ಬಣ್ಣ ಬಳಿಯೋಣ ಅಂತ ಇವರು ಹೇಳಿದಾಗ ನಾನು ತವರಿಗೆ ಹೋಗುತ್ತೇನೆ ಅಂತ ಟ್ರಂಕು ತೆಗೆದೆ.

ಹೋಗಲಿಲ್ಲ, ಬಿಡಿ. ಮಾರ್ಚ್ ಹತ್ತಿರ ಬಂದಿತ್ತು. ಅಷ್ಟೂ ದಿನ ಇವರನ್ನು ಬೈದುಕೊಂಡೇ ಕಲಿತಿದ್ದೆ. ಪಾಸಾಗಿ ತೋರಿಸಿ, ನಿಮ್ಮ ಮರ್ಯಾದೆ ತಗೊಳ್ಳಿ ಅಂತ ಮುಖದ ಮೇಲೆ ಹೇಳಬೇಕು ಅನ್ನುವ ಹಟ ಹುಟ್ಟಿತ್ತು. ಒಳಗೊಳಗೆ ಭಯ. ಈ ಸಲವೂ ಬಿದ್ದರೆ ಇನ್ನು ಪುಸ್ತಕ ಮುಟ್ಟುವ ಮುಖ ನನಗಿರಲಿಲ್ಲ.

ಪರೀಕ್ಷೆ ಸಾಗರದಲ್ಲಿ, ಮಧ್ಯಾಹ್ನ ಎರಡಕ್ಕೆ. ಬೆಳಗಿನ ಮೊದಲ ಬಸ್ಸಿಗೇ ಹತ್ತಿದೆವು. ಗಂಡನಾದವನು ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಹೆದರಬೇಡ ಅನ್ನಬೇಕು, ಒಂದು ಲೋಟ ನೀರು ಕೊಡಬೇಕು. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೈಲಿಗಲ್ಲು ನೋಡುವುದು, ಕೈಗಡಿಯಾರ ನೋಡುವುದು, ತೊಡೆಯ ಮೇಲಿನ ಹಾಳೆಯಲ್ಲಿ ಚುಕ್ಕಿ ಇಡುವುದು! ದಾರಿಯಲ್ಲಿ ಬಸ್ಸು ಒಂದು ಹೋಟೆಲಿನ ಮುಂದೆ ನಿಂತಿತು. ಹಾಳೆಯಲ್ಲಿ ಗೆರೆ ಅಡ್ಡಕ್ಕೆ ಹೊರಳಿತು.

"ನೋಡು, ಗೆರೆ ಮಲಗಿದೆ. ಹೊತ್ತು ಹೋಗ್ತಿದೆ, ದೂರ ಹೆಚ್ಚಾಗ್ತಿಲ್ಲ. ಇದರರ್ಥ ಎಂಥ?"

"ಡ್ರೈವರು ಬೋಂಡ ತಿಂತಿದಾನೆ ಅಂತ" ಅಂದೆ. ಹಿಂದಿನ ಸೀಟಿನಲ್ಲಿದ್ದವರೆಲ್ಲ ನಕ್ಕರು.

ಬೋಂಡ ಮುಗಿದು ಬಸ್ಸು ಹೊರಟು ಎರಡು ಮೈಲಿ ಹೋಗಿರಲಿಲ್ಲ, ಮುಂದಿನ ಗಾಲಿಯ ಹತ್ತಿರ ಏನೋ ಮುರಿದು ಕಾಡಿನ ನಡುವೆ ನಿಂತುಬಿಟ್ಟಿತು. ಗೆರೆ ಮತ್ತೆ ಮಲಗಿತು. ಈ ಸಲ ಏಳಲೇ ಇಲ್ಲ. ಹತ್ತು ಗಂಟೆ, ಹನ್ನೊಂದು, ಹನ್ನೊಂದೂವರೆ. ಇವರ ಪೆನ್ಸಿಲು ಕೂಡ ನಿಂತಿತ್ತು. ಇವರು ರಸ್ತೆಯ ನಡುವೆ ಕೈ ಅಗಲಿಸಿ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸಾಗರದ ಕಡೆ ಹೋಗುತ್ತಿದ್ದ ಮರದ ದಿಮ್ಮಿ ತುಂಬಿದ ಒಂದು ನಾಟಾ ಲಾರಿ ಇವರನ್ನು ಹಾಯುವುದೊಂದು ಬಾಕಿ, ಕಿರ್ರನೆ ನಿಂತಿತು.

"ಸಾಯೋಕೆ ಬೇರೆ ಲಾರಿ ಸಿಗ್ಲಿಲ್ವಾ ಸ್ವಾಮಿ?" ಅಂತ ಡ್ರೈವರ್ ಕೂಗಿದ.

"ಇವಳಿಗೆ ಪರೀಕ್ಷೆ ಇದೆ ಮಾರಾಯ. ಕೈ ಮುಗೀತೀನಿ" ಅಂದರು ಇವರು. ನಿಜವಾಗಿಯೂ ಕೈ ಮುಗಿದರು.

ಲಾರಿಯ ಮುಂದುಗಡೆ ಕೂತು ಹೊರಟೆವು. ಎಷ್ಟು ಒಳ್ಳೆಯವರು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮತ್ತೆ ಹಾಳೆ ಹೊರಗೆ ಬಂತು! "ಇಲ್ಲಿಂದ ಗೆರೆ ಬಸ್ಸಿನ ಗೆರೆಗಿಂತ ಕಡಿದಾಗಿ ಏರ್ತಿದೆ ನೋಡು. ಅಂದ್ರೆ?"

"ಅಂದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಅಂತ!" ಅಂದೆ. ಡ್ರೈವರ್ ಸ್ಟಿಯರಿಂಗ್ ಬಡಿದು ಬಡಿದು ನಕ್ಕ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಹಾಲಿನೊಳಗೆ ಕಾಲಿಟ್ಟೆ. ಪ್ರಶ್ನೆಪತ್ರಿಕೆಯಲ್ಲಿ ಅವರೆ ಗಿಡ ಒಂದರ ಎತ್ತರದ ಕೋಷ್ಟಕ ಇತ್ತು. ಯಾವ ದಿನ ಎಷ್ಟು ಬೆಳೆಯಿತು, ಗ್ರಾಫ್ ಬರೆಯಿರಿ, ಯಾವ ದಿನಗಳ ನಡುವೆ ಬೆಳವಣಿಗೆ ವೇಗವಾಗಿತ್ತು, ಗೆರೆ ಸಮವಾಗಿರುವ ಕಡೆ ಏನು ತಿಳಿಯುತ್ತದೆ? ಅಯ್ಯೋ, ಇಷ್ಟೇನಾ! ಬೆಳಗ್ಗಿನಿಂದ ಬಸ್ಸಿನಲ್ಲಿ ಇದನ್ನೇ ತಾನೆ ಮಾಡಿಕೊಂಡು ಬಂದದ್ದು. ಗಿಡ ಅಲ್ಲಿ ಬೋಂಡ ತಿನ್ನುತ್ತಿದೆ ಅಂತ ಒಂದು ಬರೆಯಲಿಲ್ಲ, ಉಳಿದದ್ದೆಲ್ಲ ಬರೆದೆ. ಕೊನೆಯ ಚುಕ್ಕಿ ಸೇರಿಸಿದ ಮೇಲೆ ಕೈ ತಾನಾಗಿ ಮೊದಲನೆಯ ಚುಕ್ಕಿಯ ಕಡೆ ಹೊರಟಿತು. ಎಡಗೈಯಲ್ಲಿ ಬಲಗೈಯನ್ನು ಹಿಡಿದು ನಿಲ್ಲಿಸಿದೆ.

ಫಲಿತಾಂಶ ಬರುವ ದಿನ ಇವರು ಪೇಪರ್ ಬರುವ ಬಸ್ಸಿಗೆ ಕಾಯಲು ಬೆಳಗ್ಗೆಯೇ ಹೋದರು. ಮಧ್ಯಾಹ್ನ ತಿರುಗಿ ಬಂದಾಗ ಮುಖ ಬಾಡಿತ್ತು, ಕಣ್ಣು ಕೆಂಪಾಗಿತ್ತು. ಅತ್ತೆ ನನ್ನ ಕಡೆ ನೋಡಿದರು. ಇವರು ಜಗಲಿಯ ಮೆಟ್ಟಿಲ ಮೇಲೆ ಕೂತು, "ಪಾಸು" ಅಂದರು.

"ಪಾಸಾದ್ರೆ ಅಳೋದು ಎಂಥಕ್ಕೆ? ಎದೆ ಒಡೆದುಹೋಯ್ತು ನಂದು! ತಗೊಳ್ಳಿ, ನಿಮ್ ಮರ್ಯಾದೆ ಉಳೀತಲ್ಲ!" ಅಂತ ಇಷ್ಟು ದಿನ ಕಟ್ಟಿಟ್ಟ ಮಾತನ್ನು ಆಡಿಯೇಬಿಟ್ಟೆ.

"ಮರ್ಯಾದೆ ಯಾರಿಗೆ ಬೇಕು ಮಾರಾಯ್ತಿ?" ಅಂದರು ಇವರು. "ಇನ್ನು ನಾ ಇಲ್ದಿದ್ರೂ ನೀನು, ಅಮ್ಮ ಯಾರ ಮನೆ ಬಾಗಿಲಿಗೂ ಹೋಗೋದು ಬೇಡ. ನಂಗೆ ಅಷ್ಟು ಸಾಕು."

"ನೀವಿಲ್ದೆ ಅಂದ್ರೆ? ಎಲ್ಲಿ ಹೋಗ್ತೀರಿ?"

ಇವರು ಶರಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಒಂದು ಗ್ರಾಫ್ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ಮಡಿಕೆಗಳು ಹರಿಯುವ ಹಾಗಿದ್ದವು. ಮೂರು ಚುಕ್ಕಿ. ಒಂದೊಂದರ ಪಕ್ಕದಲ್ಲೂ ಸಣ್ಣ ಅಕ್ಷರ: ಅಜ್ಜ, ನಲವತ್ತೆಂಟು. ಅಪ್ಪಯ್ಯ, ನಲವತ್ಮೂರು. ಅಣ್ಣ, ಮೂವತ್ತೆಂಟು. ಮೂರನ್ನೂ ಸೇರಿಸಿ ಎಳೆದ ಗೆರೆ ಸ್ಕೇಲಿನಷ್ಟು ನೇರವಾಗಿ ಕೆಳಗಿಳಿದಿತ್ತು. ಗೆರೆಯನ್ನು ಮುಂದಕ್ಕೆ ಎಳೆದ ಕಡೆ, ಮೂವತ್ಮೂರರ ಎದುರಿಗೆ, ಹೆಸರಿಲ್ಲದ ಒಂದು ಚುಕ್ಕಿ. ಇವರಿಗೆ ಆಗ ಮೂವತ್ತೆರಡು.

ಬೇರೆ ಹೆಂಗಸರಾಗಿದ್ದರೆ ಆ ಹೊತ್ತಿನಲ್ಲಿ ಅಳುತ್ತಿದ್ದರು. ನನಗೆ ಕೋಪ ನೆತ್ತಿಗೇರಿತು. ವರ್ಷವಿಡೀ ನನ್ನ ಪ್ರಾಣ ತಿಂದು ಕಲಿಸಿದವರು ಇವರೇ ಅಲ್ಲವೆ?

"ಅಡ್ಡಗೆರೆಗೆ ಹೆಸರೆಲ್ಲಿದೆ? ಅದರ ಮೇಲಿನ ಈ ಮೂರು ಮನೆ ಎಂಥದು? ತಲೆಮಾರಾ? ತಲೆಮಾರಾದ್ರೆ ನೀವೂ ನಿಮ್ಮಣ್ಣನೂ ಒಂದೇ ಹೊಟ್ಟೇಲಿ ಹುಟ್ಟಿದವ್ರು, ನಿಮ್ಗೆ ಮುಂದಿನ ಮನೆ ಯಾರು ಕೊಟ್ರು? ಮೂರು ಚುಕ್ಕಿ ಇಟ್ಕೊಂಡು ಮನುಷ್ಯರ ಆಯಸ್ಸು ಬರೀತಾರಾ? ನಾಚ್ಕೆ ಆಗ್ಬೇಕು ನಿಮ್ಗೆ!"

ಕೂಗಾಟ ಕೇಳಿ ಅತ್ತೆ ಹತ್ತಿರ ಬಂದು ಏನದು ಅಂತ ವಿಚಾರಿಸಿದರು. ಓದಿ ಹೇಳಿದೆ. ಹೇಳಬಾರದಿತ್ತು, ಆದರೆ ಹೇಳಿಬಿಟ್ಟೆ. ಅತ್ತೆ ಮಗನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತರು.

"ನಿಮ್ಮಜ್ಜಂಗೆ ನಲವತ್ತೆಂಟಾ? ಯಾರು ಹೇಳಿದ್ದು?"

"ಹಳೇ ಕಾಗದದಲ್ಲಿ ಹಂಗಿತ್ತು" ಅಂದರು ಇವರು.

"ಕಾಗದದಲ್ಲಿ ಬರೆಯೋನು ಮುಖ ನೋಡಿ ಬಾಯಿಗೆ ಬಂದದ್ದು ಬರೆದಿರ್ತಾನೆ. ನಾ ಮದ್ವೆಯಾಗಿ ಬಂದಾಗ್ಲೇ ಅವ್ರ ಬಾಯಲ್ಲಿ ಒಂದು ಹಲ್ಲಿರ್ಲಿಲ್ಲ, ಅಡಿಕೆ ಕುಟ್ಟಿ ಕೊಡ್ತಿದ್ದೆ. ಅರವತ್ತು ದಾಟಿತ್ತು ಅವ್ರಿಗೆ" ಅಂದರು ಅತ್ತೆ. ಆಮೇಲೆ ಮಗನ ಬೆನ್ನ ಮೇಲೆ ಕೈ ಇಟ್ಟರು. "ನಿನ್ನ ಅಪ್ಪಯ್ಯ ಜ್ವರಕ್ಕೆ ಹೋದ್ರು. ನಿನ್ನ ಅಣ್ಣ ದೋಣಿ ಮಗುಚಿ ಹೋದ. ಹೊಳೆಗೆ ಯಾರ ವಯಸ್ಸು ಗೊತ್ತಿರ್ತದೆ ಮಗಾ?"

ಇವರು ತಲೆ ತಗ್ಗಿಸಿದರು. "ನಂಗೂ ಗೊತ್ತಿತ್ತು ಅಮ್ಮ. ಹುಡುಗರು ಹಿಂಗೆ ಬರೆದಿದ್ರೆ ಸೊನ್ನೆ ಕೊಡ್ತಿದ್ದೆ. ಆದ್ರೆ ಹೆದರಿಕೆಗೆ ಗೊತ್ತಾಗ್ಬೇಕಲ್ಲ" ಅಂದರು.

ಗ್ರಾಫ್ ತಪ್ಪು ಅಂತ ಅಷ್ಟು ಜೋರಾಗಿ ಕೂಗಿದವಳು ನಾನು. ತೀರ್ಥಹಳ್ಳಿಯ ಕಡೆ ಟ್ರೈನಿಂಗಿಗೆ ಸೇರಿ, ಹಾಸ್ಟೆಲಿನಲ್ಲಿ ಟ್ರಂಕು ಇಳಿಸಿದ ದಿನದಿಂದ ಆ ಹೆದರಿಕೆ ನನಗೆ ಅಂಟಿಕೊಂಡಿತು. ಆ ಶ್ರಾವಣಕ್ಕೆ ಇವರಿಗೆ ಮೂವತ್ಮೂರು ತುಂಬಿತು. ಅಡ್ಡಗೆರೆಗೆ ಹೆಸರಿಲ್ಲ, ಅಜ್ಜನಿಗೆ ಅರವತ್ತು ದಾಟಿತ್ತು, ಎಲ್ಲ ಗೊತ್ತು. ಆದರೂ ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಮನೆಗೆ ಹೋದಾಗ ಇವರ ಮುಂದೆ ಇದನ್ನು ಹೇಳಿ ಕಣ್ಣೀರು ಹಾಕಿದೆ. ಮಾರನೇ ವಾರದಿಂದ ಹಾಸ್ಟೆಲಿಗೆ ದಿನಕ್ಕೊಂದು ಕಾರ್ಡು ಬರಲು ಶುರುವಾಯಿತು. ಕಾರ್ಡಿನ ತುಂಬ ಒಂದೇ ಒಂದು ಮಾತು: 'ಇದ್ದೀನಿ.' ಕ್ಷೇಮ ಇಲ್ಲ, ಸಮಾಚಾರ ಇಲ್ಲ, ಅಮ್ಮ ಹೇಗಿದ್ದಾಳೆ ಅನ್ನುವುದಿಲ್ಲ! ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ, ಇನ್ನೊಂದು ಸಾಲು ಬರೆದರೆ ಕೈ ಸವೆಯುತ್ತದೆಯೆ? ಜೊತೆಯ ಹುಡುಗಿಯರು, "ಅಕ್ಕಾ, ನಿಮ್ಮವ್ರು ಇವತ್ತೂ ಇದ್ದಾರಂತೆ" ಅಂತ ಕಾರ್ಡು ತಂದು ಕೊಡುತ್ತಿದ್ದರು. ನಾನು ಬೈದುಕೊಂಡೇ ತೆಗೆದುಕೊಳ್ಳುತ್ತಿದ್ದೆ. ಕಾರ್ಡು ಬರಲು ಎರಡು ದಿನ ಹಿಡಿಯುತ್ತಿತ್ತು. ಮೊನ್ನೆ ಇದ್ದರು, ಸರಿ, ಇವತ್ತು ಇದ್ದಾರಾ ಅಂತ ಅದು ಹೇಳುತ್ತಿರಲಿಲ್ಲ.

ಮಾಗಿಯ ಚಳಿಯಲ್ಲಿ ಒಂದು ಸೋಮವಾರ ಕಾರ್ಡು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ಅಂಚೆಯವನು ಖಾಲಿ ಕೈಯಲ್ಲಿ ಗೇಟು ದಾಟಿ ಹೋದದ್ದನ್ನು ನೋಡಿ, ಯಾರನ್ನೂ ಕೇಳದೆ ಉಟ್ಟ ಸೀರೆಯಲ್ಲೇ ಹೋಗಿ ಹೊಸನಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹರಸಿಕೊಂಡೆ, ಯಾವ ದೇವರಿಗೆ ಏನು ಹೇಳಿಕೊಂಡೆ, ನೆನಪಿಲ್ಲ. ಬಸ್ಸಿಳಿದವಳು ಮನೆಗೆ ಹೋಗುವ ಧೈರ್ಯವಾಗದೆ ಸ್ಕೂಲಿನ ಕಡೆ ಓಡಿದೆ. ಹೊರಗಿನಿಂದಲೇ ಇವರ ದನಿ ಕೇಳಿಸಿತು. ಬಾಗಿಲಿಗೆ ಹೋದೆ. ಇವರು ಬೋರ್ಡಿನ ಮೇಲೆ ಗೆರೆ ಎಳೆಯುತ್ತಾ ನಿಂತಿದ್ದರು, ಮೈಮೇಲೆಲ್ಲ ಸೀಮೆಸುಣ್ಣ.

ನಾನು ಇವರ ಹೆಸರು ಹಿಡಿದು ಕರೆದೆ. ಜೋರಾಗಿ, ಇಡೀ ಕ್ಲಾಸಿನ ಮುಂದೆ. ಗಂಡನ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಮಕ್ಕಳೆಲ್ಲ ಎದ್ದು ನಿಂತವು.

"ಕಾರ್ಡು ಮುಗಿದಿತ್ತು ಮಾರಾಯ್ತಿ" ಅಂದರು ಇವರು ಬಾಗಿಲಿಗೆ ಬಂದು. "ಪೋಸ್ಟಾಫೀಸಲ್ಲೂ ಇಲ್ಲ. ನಾನೇ ಎಲ್ಲ ಖಾಲಿ ಮಾಡಿದೀನಂತೆ."

ಬೈಯಬೇಕು ಅಂತ ಬಾಯಿ ತೆರೆದೆ. ಅಳು ಬಂತು. ಮಕ್ಕಳು ನೋಡುತ್ತಿದ್ದಾರೆ, ಹೆಡ್ಮಾಸ್ಟರು ಹೊರಗೆ ಬರುತ್ತಿದ್ದಾರೆ, ಒಂದೂ ಲೆಕ್ಕಕ್ಕೆ ಬರಲಿಲ್ಲ. ಇವರ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಚ್ಚಗಿತ್ತು.

"ಇದ್ದೀನಲ್ಲೇ" ಅಂದರು. "ಇದ್ದೀನಿ."